ಬಿ.ಡಿ. ಓದಿದ್ದು, ಗ್ರೀಕ್ ಕಲಿತಿದ್ದು, ಮೊದಲ ಪ್ರಸಂಗದಲ್ಲಿ ಮಣ್ಣು ಮುಕ್ಕಿದ್ದು

ನಾನು ಬೆಟಗೇರಿಯವನು, ನಮ್ಮ ಕಡೆ ಮಿಷನ್ ಅಂದ್ರೆ ಕ್ರೈಸ್ತ ಮಿಷನರಿಗಳ ಒಂದು ಜಾಗ. ಮಿಷನ್ ಕಾಂಪೌಂಡ್, ಮಿಷನ್ ಆಸ್ಪತ್ರೆ, ಮಿಷನ್ ಸಾಲಿ. ಡಿಗ್ರಿ ಮುಗಿಸಿ ಬಿ.ಡಿ.ಗೆ, ಅಂದ್ರೆ ಪಾದ್ರಿ ಆಗೋಕೆ ಓದೋ ದೈವಶಾಸ್ತ್ರದ ಡಿಗ್ರಿಗೆ, ಹೋಗ್ತೀನಿ ಅಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು, "ನಾಕ್ ವರ್ಸ ಓದಿ ಅಯ್ಯಗೋಳು ಆಗ್ತಿ, ಪಗಾರ ಎಷ್ಟ ಕೊಡ್ತಾರಪಾ?" ಉತ್ತರ ಆಗಲೂ ಇರ್ಲಿಲ್ಲ, ಈಗಲೂ ಹೇಳೋ ಹಾಗಿಲ್ಲ ಬಿಡಿ.

ಸೇರಿದ್ದು ಮಂಗಳೂರಲ್ಲಿ, ಸೆರಾಂಪುರ ಸೆನೆಟ್ ಡಿಗ್ರಿ. 1818ರಲ್ಲಿ ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಅನ್ನೋ ಮೂವರು ಮಿಷನರಿಗಳು ಸೇರಿ ಕಟ್ಟಿದ ಕಾಲೇಜು ಅದು, ಬಂಗಾಳದಲ್ಲಿದೆ, ದೇಶದ ಎಷ್ಟೋ ಸೆಮಿನರಿಗಳಿಗೆ, ಅಂದ್ರೆ ದೈವಶಾಸ್ತ್ರ ಕಾಲೇಜುಗಳಿಗೆ, ಡಿಗ್ರಿ ಇವತ್ತಿಗೂ ಅಲ್ಲಿಂದಾನೇ ಬರೋದು. ಪುಸ್ತಕಗಳು ಹೆಚ್ಚುಕಮ್ಮಿ ಎಲ್ಲಾ ಇಂಗ್ಲಿಷ್. ಕನ್ನಡ ಮೀಡಿಯಂನಿಂದ ಬಂದ ನನಗೆ ಮೊದಲ ಆರು ತಿಂಗಳು ದೈವಶಾಸ್ತ್ರಕ್ಕಿಂತ ಡಿಕ್ಷನರಿ ಓದಿದ್ದೇ ಜಾಸ್ತಿ.

ಬೈಬಲಿನ ಹೊಸ ಒಡಂಬಡಿಕೆ ಮೂಲದಲ್ಲಿರೋದು ಗ್ರೀಕಲ್ಲಿ, ಆ ಗ್ರೀಕ್ ಕ್ಲಾಸಲ್ಲಂತೂ ಅಳು ಬರೋದೊಂದು ಬಾಕಿ. ಇಂಗ್ಲಿಷ್ ಗ್ರಾಮರ್ ಪುಸ್ತಕದಲ್ಲಿ ಡೇಟಿವ್ ಅಂದ್ರೇನು ಅಂತ ಎರಡು ಪುಟ ಓದಿದ್ರೂ ತಲೆಗೆ ಹೋಗ್ತಿರ್ಲಿಲ್ಲ, ಆಮೇಲೆ ಒಂದಿನ ರಾತ್ರಿ ಹಾಸ್ಟೆಲಲ್ಲಿ ಕೂತು ಲೋಗೊಸ್, ಲೋಗೂ, ಲೋಗೋ, ಲೋಗೊನ್ ಅಂತ ಬಾಯಿಪಾಠ ಹೊಡೀತಿದ್ದಾಗ ಥಟ್ ಅಂತ ಹೊಳೀತು, ಅರೆ, ಇದು ನಮ್ಮ ವಿಭಕ್ತಿ ಪ್ರತ್ಯಯ ಅಲ್ವಾ, ಏಳನೇ ಕ್ಲಾಸಲ್ಲಿ ಮೇಷ್ಟ್ರು ಬೆತ್ತ ಹಿಡ್ಕೊಂಡು ರಾಮನು, ರಾಮನನ್ನು, ರಾಮನಿಂದ ಅಂತ ಹೇಳಿಸಿದ್ದು! ಅವತ್ತೇ ನೋಟ್‌ಬುಕ್ಕಲ್ಲಿ ಒಂದು ಟೇಬಲ್ ಹಾಕ್ಕೊಂಡೆ. ಹೊಸ ಒಡಂಬಡಿಕೆಯ ಗ್ರೀಕಲ್ಲಿರೋದು ಸಂಬೋಧನೆ ಸೇರಿ ಐದೇ ವಿಭಕ್ತಿ. ನಮ್ಮ ತೃತೀಯಾ, ಚತುರ್ಥಿ, ಸಪ್ತಮಿ ಮೂರರ ಕೆಲಸಾನೂ ಡೇಟಿವ್ ಒಂದೇ ಮಾಡುತ್ತೆ, ಷಷ್ಠಿ ಜೊತೆ ಪಂಚಮಿ ಕೆಲಸಾನೂ ಜೆನಿಟಿವ್ ಎಳ್ಕೊಂಡು ಹೋಗುತ್ತೆ. ಒಂದು ಡೇಟಿವ್ ಸಿಕ್ತು ಅಂದ್ರೆ ಇಂದ, ಗೆ, ಅಲ್ಲಿ ಮೂರನ್ನೂ ಹಾಕಿ ನೋಡೋದು, ಯಾವುದು ಕೂರುತ್ತೋ ಅದು. ಇಂಗ್ಲಿಷ್ ಮೀಡಿಯಂ ಗೆಳೆಯರು ನನ್ನ ನೋಟ್ಸ್ ಕೇಳೋಕೆ ಶುರು ಮಾಡಿದ್ದು ಆಮೇಲೆ. ಸ್ವಲ್ಪ ಜಂಬ ಬಂತು, ಸುಳ್ಳು ಹೇಳಲ್ಲ.

ಜಂಬ ಇಳಿದಿದ್ದು ವೀಕೆಂಡ್ ಮಿನಿಸ್ಟ್ರಿಲಿ, ಅಂದ್ರೆ ವಾರದ ಕೊನೇಲಿ ಚರ್ಚಿಗೆ ಹೋಗಿ ಪ್ರಸಂಗ, ಬೈಬಲ್ ಉಪದೇಶ, ಮಾಡೋವಾಗ. ಹಳ್ಳಿ ಸಭೆ, ನಮ್ಮಲ್ಲಿ ಚರ್ಚಿಗೆ ಸಭೆ ಅಂತೀವಿ, ಮೂವತ್ತು ಜನ ಇರಬಹುದು, ಬೈಬಲಿನ ಲೂಕ 15, ತಪ್ಪಿಹೋದ ಮಗನ ಕಥೆ. ನಾನು ನಲವತ್ತು ನಿಮಿಷ ಕೊರೆದೆ, ಮೂಲದಲ್ಲಿ ಈ ಪದ, ಆ ಪಂಡಿತರ ವಾದ, ಆ ಕಾಲದ ಯೆಹೂದ್ಯರ ಆಸ್ತಿ ಕಾನೂನು. ಆರಾಧನೆ ಮುಗಿದ ಮೇಲೆ ಸಭಾ ಹಿರಿಯರೊಬ್ಬರು ಚಹಾ ಲೋಟ ಕೊಡ್ತಾ, "ಬ್ರದರ್, ಎಲ್ಲಾ ಹೇಳಿದ್ರಿ, ಆ ಹುಡುಗ ಮನೆ ಮುಟ್ಟಿದ್ನೋ ಇಲ್ವೋ ಅದನ್ನೇ ಹೇಳ್ಲಿಲ್ವಲ್ಲ" ಅಂದ್ರು. ಟೈಮ್ ಆಯ್ತು ಅಂತ ನಾನು ಅದನ್ನೇ ಬಿಟ್ಟಿದ್ದೆ.

ವಾಪಸ್ ಬಂದು ಅದೇ ಭಾಗ ಮತ್ತೆ ತೆಗೆದೆ. ತಂದೆ ದೂರದಿಂದ ಮಗನ್ನ ಕಂಡು ಕನಿಕರಪಟ್ಟ ಅಂತ ನಮ್ಮ ಬೈಬಲಲ್ಲಿದೆ, ಗ್ರೀಕಲ್ಲಿ ಸ್ಪ್ಲಾಂಕ್ನಿಜೊಮೈ, ಅದರ ಮೂಲ ಸ್ಪ್ಲಾಂಕ್ನ, ಅಂದ್ರೆ ಕರುಳು. ಇಂಗ್ಲಿಷಲ್ಲಿ ಕಂಪ್ಯಾಶನ್ ಅಂತ ಓದ್ಕೊಂಡಿದ್ದೆ ಅಷ್ಟು ದಿನ. ಅಪ್ಪನ ಕರುಳು ಚುರುಕ್ ಅಂತು ಅಂದ್ರೆ ಹಳ್ಳೀಲಿ ಯಾರಿಗೆ ವಿವರಣೆ ಬೇಕು? ಆಮೇಲಿಂದ ಪ್ರಸಂಗ ಬರೆಯೋವಾಗ ಕಾಮೆಂಟರಿ, ಅಂದ್ರೆ ಬೈಬಲ್ ವ್ಯಾಖ್ಯಾನದ ಪುಸ್ತಕ, ಕೊನೇಗೆ ತೆಗೆಯೋದು, ಮೊದಲು ಗ್ರೀಕ್ ಪಕ್ಕದಲ್ಲಿ ಸೀದಾ ಕನ್ನಡ.

ಬಿ.ಡಿ.ಯಲ್ಲಿ ಮಿಷನ್ ಅನ್ನೋ ವಿಷಯದ ಪೇಪರಲ್ಲೂ ಹೀಗೇ ಆಯ್ತು. 1843ರಲ್ಲಿ ಮಿಷನರಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಪತ್ರಿಕೇನ ಕಲ್ಲಚ್ಚಲ್ಲಿ ಹೊರಡಿಸಿದ್ದು, ಕಿಟೆಲ್ ನಿಘಂಟು 1894, ಇದೆಲ್ಲ ನಮ್ಮೋರಿಗೆ ಗೊತ್ತು, ಆದ್ರೆ ಅದೇ ಕಿಟೆಲ್ 1862ರಲ್ಲಿ ಕಥಾಮಾಲೆ ಅಂತ ಯೇಸುವಿನ ಚರಿತ್ರೆಯನ್ನ ಕನ್ನಡ ಪದ್ಯದಲ್ಲಿ ಬರೆದಿದ್ದು ಆ ಪೇಪರ್ ಓದೋವರೆಗೂ ನನಗೆ ಗೊತ್ತಿರ್ಲಿಲ್ಲ. ಜರ್ಮನಿಯವನು ಪದ್ಯಕ್ಕೆ ಕೈ ಹಾಕಿದಾನೆ, ನಾನು ಬೆಟಗೇರಿಯವನು ಇಂಗ್ಲಿಷ್ ನೋಟ್ಸ್ ಓದಿ ಹೇಳಿ ಬಂದಿದೀನಿ! ಹಾಗಂತ ಆ ಕಾಲದೋರೆಲ್ಲ ದೇವದೂತರು ಅಂತಲ್ಲ. 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ ತಮಿಳುನಾಡಿನ ಪಾದ್ರಿ ಅಜರಯ್ಯ ಎದ್ದು ನಿಂತು ಮಿಷನರಿಗಳ ಮುಖಕ್ಕೇ ಹೇಳಿದ್ರು, ನೀವು ತುಂಬಾ ಕೊಟ್ಟಿದೀರಿ, ನಮಗೆ ಗೆಳೆಯರನ್ನ ಕೊಡಿ ಅಂತ. ಅದನ್ನ ಓದಿದಾಗ ಕಾಂಪೌಂಡ್ ಗೋಡೆ ನೆನಪಾಯ್ತು. 1952ರಲ್ಲಿ ಜರ್ಮನಿಯ ವಿಲ್ಲಿಂಗೆನ್ ಊರಲ್ಲಿ ಮಿಷನರಿ ಸಮ್ಮೇಳನ ಆದ್ಮೇಲೆ ಮಿಷನ್ ಅನ್ನೋದು ದೇವರ ಕೆಲಸ, ಸಭೆ ಅದ್ರಲ್ಲಿ ಪಾಲು ತಗೊಳ್ಳುತ್ತೆ ಅಷ್ಟೇ ಅನ್ನೋ ವಿಚಾರ ಬಲವಾಯ್ತು, ಅದಕ್ಕೆ ಲ್ಯಾಟಿನಲ್ಲಿ ಮಿಸ್ಸಿಯೊ ಡೇಯಿ ಅಂತಾರೆ. ಪರೀಕ್ಷೆಗೆ ಹತ್ತು ಸಲ ಬರೆದಿದೀನಿ. ಅಜ್ಜಿಗೆ ಹೇಳಿದ್ರೆ, "ಹಂಗಾರ ಕಾಂಪೌಂಡ್ ಯಾರದು?" ಅಂದ್ಲು.

ಈಗ ಸೇರೋ ಹುಡುಗ್ರು ಫೋನ್ ಮಾಡಿ ಕೇಳಿದ್ರೆ ವಿಭಕ್ತಿ ಟೇಬಲ್ ಫೋಟೋ ತೆಗೆದು ಕಳಿಸ್ತೀನಿ. ಹೀಬ್ರೂಗೆ ಮಾತ್ರ ಕೇಳ್ಬೇಡಿ, ಬಲದಿಂದ ಎಡಕ್ಕೆ ಓದ್ಕೊಂಡು ಹೋಗೋ ಆ ಭಾಷೇನ ನಾನು ಬರೀ ಬಾಯಿಪಾಠದಲ್ಲಿ ದಾಟಿದವನು.