ಒಂದೇ ನೆಟ್, ಎರಡು ಕಂಪ್ಯೂಟರ್: ಸಂಪರ್ಕ ಕಡಿದಾಗ ಎಲ್ಲಿಂದ ಹುಡುಕಬೇಕು?

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳ ನಡುವೆ, ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರಿಗೆ ಮೊಬೈಲ್ ಸಿಗ್ನಲ್ ಮಹಡಿಯ ಒಂದು ಕಿಟಕಿಯ ಬಳಿ ಮಾತ್ರ ಸಿಗುವುದು ಹೊಸ ವಿಷಯವಲ್ಲ. ಅಲ್ಲಿಂದ ವೈಫೈ ಹರಿಸೋಣವೆಂದರೆ ಕೆಂಪುಕಲ್ಲಿನ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ಅದರ ಬಲ ಉಡುಗಿರುತ್ತದೆ. ಆದ್ದರಿಂದ ಫೋನನ್ನು ಯುಎಸ್‌ಬಿ ತಂತಿಯಿಂದ ಮಹಡಿಯ ಕಂಪ್ಯೂಟರಿಗೆ ಜೋಡಿಸಿ, ಅದರಿಂದ ಲ್ಯಾನ್ ಕೇಬಲ್ ಎಳೆದು ಕೆಳಗಿನ ಕೋಣೆಯ ಕಂಪ್ಯೂಟರಿಗೂ ಅದೇ ನೆಟ್ಟನ್ನು ಹಂಚುವ ಏರ್ಪಾಡನ್ನು ನಮ್ಮ ಮನೆಯಲ್ಲಿಯೂ ಮಾಡಿಕೊಂಡಿದ್ದೇವೆ. ಇದಕ್ಕೆ ಬೇಕಾದ ಸೌಲಭ್ಯ ವಿಂಡೋಸ್‌ನಲ್ಲಿ 1999ರ ವಿಂಡೋಸ್ 98 ಎರಡನೇ ಆವೃತ್ತಿಯಿಂದಲೇ ಇದೆ. ಏರ್ಪಾಡು ಸುಲಭ, ಆದರೆ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ತಿಳಿಯದೆ ಹತ್ತು ಕಡೆ ಕೈಹಾಕಿ, ಸರಿಯಿದ್ದುದನ್ನೂ ಕೆಡಿಸಿಕೊಳ್ಳುವವರೇ ಹೆಚ್ಚು. ನಾನೂ ಮೊದಲು ಹಾಗೆಯೇ ಮಾಡಿದವನು.

ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಸುರಂಗದ ನೀರು ತೋಟಕ್ಕೆ ಬಾರದಿದ್ದಾಗ ನಾವು ತೋಟದ ಕೊನೆಯ ಪೈಪನ್ನು ಬಿಚ್ಚಲು ಕೂರುವುದಿಲ್ಲ. ಸುರಂಗದ ಬಾಯಿಗೆ ಹೋಗಿ ಅಲ್ಲಿ ನೀರಿದೆಯೇ ಎಂದು ನೋಡಿ, ಹರಿವಿನ ಜೊತೆಯಲ್ಲೇ ಕೆಳಗಿಳಿಯುತ್ತೇವೆ. ಇಲ್ಲಿಯೂ ಅದೇ ಕ್ರಮ: ಮೊದಲು ಫೋನ್, ಆಮೇಲೆ ಹಂಚುವ ಕಂಪ್ಯೂಟರ್, ಆಮೇಲೆ ಕೇಬಲ್, ಕಟ್ಟಕಡೆಗೆ ಕೆಳಗಿನ ಕಂಪ್ಯೂಟರ್.

ಫೋನಿನಲ್ಲೇ ಯಾವುದಾದರೂ ಜಾಲತಾಣವನ್ನು ತೆರೆದು ನೋಡಿ. ತಲಪಾಡಿ, ಅಡ್ಕಸ್ಥಳದಂತಹ ಗಡಿಯ ಊರುಗಳಲ್ಲಿ ಕೇರಳದ ಸಿಮ್ ಕರ್ನಾಟಕದ ಟವರಿಗೆ ಅಂಟಿಕೊಳ್ಳುವುದುಂಟು. ಆಗ ರೋಮಿಂಗ್ ಎಂದು ತೋರಿಸಿ, ಡೇಟಾ ರೋಮಿಂಗ್ ಆಫ್ ಇದ್ದರೆ ಕಡ್ಡಿಗಳೆಲ್ಲ ತುಂಬಿದ್ದರೂ ನೆಟ್ ಬರುವುದಿಲ್ಲ. ನೆಟ್ ಇದ್ದರೂ ಪುಟಗಳು ತೀರಾ ತೆವಳುತ್ತಿದ್ದರೆ ದಿನದ ಡೇಟಾ ಮುಗಿದಿರಬಹುದು. ಅನೇಕ ಪ್ಲಾನುಗಳಲ್ಲಿ ಆಮೇಲಿನ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇನ್ನೊಂದು ಮಾತು: ಯುಎಸ್‌ಬಿ ತಂತಿ ಒಮ್ಮೆ ಸಡಿಲಗೊಂಡರೂ ಅನೇಕ ಫೋನುಗಳಲ್ಲಿ ಟೆದರಿಂಗ್, ಎಂದರೆ ಫೋನಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವ ಸೌಲಭ್ಯ, ತಾನಾಗಿ ಆಫ್ ಆಗುತ್ತದೆ, ಅದನ್ನು ಮತ್ತೆ ಕೈಯಾರೆ ಆನ್ ಮಾಡಬೇಕು.

ಮಹಡಿಯ ಕಂಪ್ಯೂಟರಿನಲ್ಲಿ ನೆಟ್ ಇದ್ದು ಕೆಳಗೆ ಮಾತ್ರ ಇಲ್ಲವೆಂದಾದರೆ, ನನ್ನ ಅನುಭವದಲ್ಲಿ ಹೆಚ್ಚಿನ ತೊಂದರೆಗಳು ಹಂಚಿಕೆಯ ಸೆಟ್ಟಿಂಗ್‌ನಲ್ಲೇ ಇರುತ್ತವೆ. ವಿಂಡೋಸ್ ಕೀಲಿಯೊಡನೆ ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ (ncpa.cpl) ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಎಲ್ಲ ಸಂಪರ್ಕಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ನೆಟ್ ತರುವ ಸಂಪರ್ಕ, ಎಂದರೆ ಫೋನಿನದ್ದು, ಯಾವುದೆಂದು ಗುರುತಿಸಿ, ಅದರ ಪ್ರಾಪರ್ಟೀಸ್‌ನೊಳಗಿನ ಶೇರಿಂಗ್ ಪುಟದಲ್ಲಿ, ಬೇರೆಯವರಿಗೆ ನೆಟ್ ಹಂಚಲು ಒಪ್ಪುವ ಚೌಕದಲ್ಲಿ ಟಿಕ್ ಇರಬೇಕು. ಕೆಳಗಿನ ಕಂಪ್ಯೂಟರಿಗೆ ಹೋಗುವ ಲ್ಯಾನ್ ಸಂಪರ್ಕವನ್ನು ಅದೇ ಪುಟದಲ್ಲಿ ಆಯ್ದಿರಬೇಕು. ಟಿಕ್ಕನ್ನು ಲ್ಯಾನ್ ಸಂಪರ್ಕದ ಪುಟದಲ್ಲಿ ಹಾಕುವುದು ಸಾಮಾನ್ಯ ತಪ್ಪು. ಅದಕ್ಕಿಂತ ಮೋಸಗೊಳಿಸುವ ಸಂಗತಿಯೆಂದರೆ, ಫೋನನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗ ವಿಂಡೋಸ್ ಅದನ್ನು ಹೊಸ ಸಂಪರ್ಕವೆಂದು ಭಾವಿಸಿ, ಈಥರ್‌ನೆಟ್ 3, ಈಥರ್‌ನೆಟ್ 4 ಎಂದು ಹೊಸ ಹೆಸರು ಕೊಡಬಹುದು; ಹಂಚಿಕೆಯ ಟಿಕ್ ಹಳೆಯ ಹೆಸರಿನಲ್ಲೇ ಉಳಿದುಬಿಡುತ್ತದೆ. ಇದನ್ನು ಅರಿಯದೆ ನಾನು ಒಂದು ಇಡೀ ಭಾನುವಾರ ಕೇಬಲ್ ಬದಲಿಸುತ್ತ ಕುಳಿತಿದ್ದೆ. ಫೋನಿಗೆ ಒಂದೇ ಕಿಂಡಿಯನ್ನು ಮೀಸಲಿಟ್ಟು, ಅದರ ಮೇಲೆ ಬಣ್ಣದ ಚೂರು ಅಂಟಿಸುವುದು ಒಳ್ಳೆಯದು.

ಎಲ್ಲವೂ ಸರಿಯಾಗಿಯೇ ಕಂಡರೂ ಕೆಳಗೆ ನೆಟ್ ಇಲ್ಲವಾದರೆ ಟಿಕ್ ತೆಗೆದು, ಓಕೆ ಕೊಟ್ಟು, ಪುನಃ ಟಿಕ್ ಹಾಕಿ. ಕಂಪ್ಯೂಟರನ್ನು ಮರುಚಾಲನೆ ಮಾಡಿದ ಬಳಿಕ ಹಂಚಿಕೆ ನಿಂತುಹೋಗುವುದು ವಿಂಡೋಸ್ 10ರಲ್ಲಿ ಹಲವರು ಕಂಡ ದೋಷ; ಸರ್ವೀಸಸ್ ಪಟ್ಟಿಯಲ್ಲಿ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಎಂಬುದನ್ನು ಆಟೋಮ್ಯಾಟಿಕ್ ಎಂದು ಬದಲಿಸಿ ನೋಡಬಹುದು. ಮಹಡಿಯ ಕಂಪ್ಯೂಟರ್ ನಿದ್ರೆಗೆ ಜಾರಿದರೆ ಕೆಳಗಿನ ನೆಟ್ಟೂ ಹೋಗುತ್ತದೆ. ಮಧ್ಯಾಹ್ನ ಊಟಕ್ಕೆ ಎದ್ದುಹೋದಾಗ ಮಾತ್ರ ನೆಟ್ ಕಡಿಯುತ್ತದೆಂಬ ದೂರಿಗೆ ಕಾರಣ ಅಷ್ಟೇ. ಪವರ್ ಸೆಟ್ಟಿಂಗ್‌ನಲ್ಲಿ ನಿದ್ರೆಯನ್ನು ನೆವರ್ ಎಂದಿಡಿ.

ಇನ್ನು ಕೆಳಗಿನ ಕಂಪ್ಯೂಟರಿಗೆ ಬರೋಣ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆಯನ್ನು ಕೊಟ್ಟು ಐಪಿ ವಿಳಾಸವನ್ನು, ಎಂದರೆ ಜಾಲದಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯನ್ನು, ಓದಿ. ವಿಂಡೋಸ್ 7ರಿಂದೀಚೆಗೆ ಹಂಚುವ ಕಂಪ್ಯೂಟರ್ ತನಗೆ 192.168.137.1 ಎಂಬ ವಿಳಾಸವನ್ನು ಇಟ್ಟುಕೊಂಡು, ಮಿಕ್ಕವಕ್ಕೆ 192.168.137ರಿಂದ ಆರಂಭವಾಗುವ ವಿಳಾಸಗಳನ್ನು ಕೊಡುತ್ತದೆ. ಅದರ ಬದಲು 169.254 ಎಂದು ಆರಂಭವಾದರೆ ಮೇಲಿನಿಂದ ವಿಳಾಸ ಬಂದೇ ಇಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದರ್ಥ: ಹಂಚಿಕೆ ನಿಂತಿದೆ. ಕೇಬಲ್ಲೇ ಕೆಟ್ಟಿದ್ದರೆ ಮೀಡಿಯಾ ಡಿಸ್‌ಕನೆಕ್ಟೆಡ್ ಎಂದು ತೋರಿಸುತ್ತದೆ. ಅಟ್ಟದ ಮೇಲೆ ಇಲಿ ಕಡಿದ ಕೇಬಲ್ ಇಲ್ಲಿಯೇ ಸಿಕ್ಕಿಬೀಳುತ್ತದೆ. ಇವೆರಡೂ ಅಲ್ಲದ ಬೇರೊಂದು ವಿಳಾಸ ಕಂಡರೆ ಹಿಂದೆ ಯಾರೋ ಕೈಯಿಂದ ತುಂಬಿಸಿರಬೇಕು. ಅದನ್ನು ಅಳಿಸಿ, ತಾನಾಗಿ ಪಡೆಯುವಂತೆ ಮಾಡಿ.

ವಿಳಾಸ ಸರಿಯಿದ್ದರೆ ಅಲ್ಲಿಯೇ ಪಿಂಗ್ (ping) 8.8.8.8 ಎಂದು ಕೊಡಿ; ಇದು ಗೂಗಲ್‌ನ ಸರ್ವರ್ ಉತ್ತರಿಸುತ್ತದೆಯೇ ಎಂದು ನೋಡುವ ಆಜ್ಞೆ. ಉತ್ತರ ಬಂದೂ ಜಾಲತಾಣಗಳು ತೆರೆಯದಿದ್ದರೆ ದಾರಿ ಸರಿಯಿದೆ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ಮಾತ್ರ ಕೆಲಸ ಮಾಡುತ್ತಿಲ್ಲ; ಲ್ಯಾನ್ ಸಂಪರ್ಕದ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಥವಾ 1.1.1.1 ತುಂಬಿಸಿದರೆ ಸಾಕು. 192.168.137.1ಕ್ಕೆ ಪಿಂಗ್ ಮಾಡಿ ಉತ್ತರ ಬಾರದಿದ್ದರೆ ಗಾಬರಿ ಬೇಡ, ಮೇಲಿನ ಕಂಪ್ಯೂಟರಿನ ಫೈರ್‌ವಾಲ್ ಅದನ್ನು ತಡೆದಿರಬಹುದು.

ದೋಷವಲ್ಲದಿದ್ದರೂ ದೋಷದಂತೆ ಕಾಡುವ ಒಂದು ಸಂಗತಿಯಿದೆ. ಕೆಳಗಿನ ಕಂಪ್ಯೂಟರಿಗೆ ತನ್ನ ನೆಟ್ ಮೊಬೈಲಿನದೆಂದು ತಿಳಿಯುವುದಿಲ್ಲ; ಲ್ಯಾನ್ ಕೇಬಲ್ ಕಂಡು, ಧಾರಾಳವಾಗಿದೆಯೆಂದು ನಂಬಿ, ವಿಂಡೋಸ್ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳುತ್ತ ದಿನದ ಡೇಟಾವನ್ನು ಬೆಳಗಾಗುವುದರೊಳಗೆ ತಿಂದುಹಾಕಬಹುದು. ಆದ್ದರಿಂದ ಎರಡೂ ಕಂಪ್ಯೂಟರುಗಳಲ್ಲಿ ಆ ಸಂಪರ್ಕವನ್ನು ಮೀಟರ್ಡ್, ಎಂದರೆ ಡೇಟಾಕ್ಕೆ ಮಿತಿಯಿರುವುದು, ಎಂದು ಸೆಟ್ಟಿಂಗ್‌ನಲ್ಲಿ ಗುರುತುಮಾಡಿ.

ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿಗೆ ನಾವೆಲ್ಲ ವಿದ್ಯುತ್ ಪ್ಲಗ್ ಕೀಳುತ್ತೇವೆ, ಲ್ಯಾನ್ ಕೇಬಲನ್ನು ಮರೆಯುತ್ತೇವೆ. ಅದೂ ತಾಮ್ರದ ತಂತಿಯೇ. ಅದನ್ನೂ ಎರಡು ತುದಿಗಳಲ್ಲಿ ಬಿಚ್ಚಿಡಬೇಕು. ಹೊಸ ಕೇಬಲ್ ಹಾಕಿದರೂ ಕಿಂಡಿಯ ಪುಟ್ಟ ದೀಪ ಉರಿಯದಿದ್ದರೆ ಕಿಂಡಿಯೇ ಸುಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಮದರ್‌ಬೋರ್ಡ್ ಬದಲಿಸಬೇಕಿಲ್ಲ, ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಾಕಾಗುತ್ತದೆ. ಅದನ್ನು ಮಹಡಿಯ ಕಂಪ್ಯೂಟರಿಗೆ ಹಾಕಿದ್ದಾದರೆ ಮಾತ್ರ ಶೇರಿಂಗ್ ಪುಟಕ್ಕೆ ಮರಳಿ, ಹಳೆಯ ಲ್ಯಾನಿನ ಬದಲು ಈ ಹೊಸದನ್ನು ಆಯ್ದುಕೊಳ್ಳಿ.