ಒಂಟಾರಿಯೊ ಚುನಾವಣೆಯಲ್ಲಿ ಪಿಸಿ ಅಭ್ಯರ್ಥಿಯ ಪರ ಕೆಲಸ ಮಾಡುವುದು ಹೇಗೆ? ಕನ್ನಡಿಗರಿಗೊಂದು ಕೈಪಿಡಿ

ಇಲ್ಲಿ ಕೆನಡಾದಲ್ಲಿ ನಮ್ಮವರಲ್ಲಿ ಎಷ್ಟೋ ಜನ "ನಾನು ಕನ್ಸರ್ವೇಟಿವ್ ಕಡೆ" ಅನ್ನುತ್ತಾರೆ. ಯಾವ ಕನ್ಸರ್ವೇಟಿವ್ ಅಂತ ಕೇಳಿದರೆ ತಡವರಿಸುತ್ತಾರೆ. ತಪ್ಪು ಅವರದಲ್ಲ. ಊರಿನಲ್ಲಿ ಕಾಂಗ್ರೆಸ್ ಆಗಲಿ ಬಿಜೆಪಿ ಆಗಲಿ, ವಿಧಾನಸಭೆಗೂ ಲೋಕಸಭೆಗೂ ಪಕ್ಷ ಒಂದೇ. ಇಲ್ಲಿ ಹಾಗಲ್ಲ. ಒಟ್ಟಾವಾದಲ್ಲಿ, ಅಂದರೆ ಕೇಂದ್ರದಲ್ಲಿ, ಪಿಯೆರ್ ಪೊಯ್ಲಿಯೆವ್ ಅವರ ಕನ್ಸರ್ವೇಟಿವ್ ಪಕ್ಷವೇ ಬೇರೆ, ಟೊರೊಂಟೊದ ಕ್ವೀನ್ಸ್ ಪಾರ್ಕಿನಲ್ಲಿ, ಅಂದರೆ ಒಂಟಾರಿಯೊ ಪ್ರಾಂತ್ಯದ ಶಾಸನಸಭೆಯಲ್ಲಿ, ಡಗ್ ಫೋರ್ಡ್ ಅವರ ಪ್ರೋಗ್ರೆಸಿವ್ ಕನ್ಸರ್ವೇಟಿವ್ (ಪಿಸಿ) ಪಕ್ಷವೇ ಬೇರೆ. ಸದಸ್ಯತ್ವ ಬೇರೆ, ಹಣದ ಲೆಕ್ಕ ಬೇರೆ, ನಾಯಕರ ನಡುವೆ ಒಮ್ಮೊಮ್ಮೆ ಮಾತೂ ಇರುವುದಿಲ್ಲ. ಒಂದರ ಸದಸ್ಯರಾದರೆ ಇನ್ನೊಂದರ ಸದಸ್ಯರಾದಂತೆ ಅಲ್ಲ.

ಬೇರೆ ಪ್ರಾಂತ್ಯಗಳಲ್ಲಿ ಹೆಸರೂ ಬದಲಾಗುತ್ತದೆ. ಆಲ್ಬರ್ಟಾದಲ್ಲಿ ಯುನೈಟೆಡ್ ಕನ್ಸರ್ವೇಟಿವ್ ಪಾರ್ಟಿ, ಸಸ್ಕಾಚೆವಾನ್‌ನಲ್ಲಿ ಸಸ್ಕಾಚೆವಾನ್ ಪಾರ್ಟಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಬಿಸಿ ಕನ್ಸರ್ವೇಟಿವ್ ಪಕ್ಷ 2024ರಲ್ಲಿ 93ರಲ್ಲಿ 44 ಸೀಟು ಗೆದ್ದು ಅಧಿಕಾರದ ಹತ್ತಿರಕ್ಕೇ ಬಂದಿತ್ತು. ನಮ್ಮ ಜನ ಜಾಸ್ತಿ ಇರುವುದು ಒಂಟಾರಿಯೊದಲ್ಲಿ. ನಾನು ಕೆಲಸ ಮಾಡುವುದೂ ಇಲ್ಲಿನ ಪಿಸಿ ಅಭ್ಯರ್ಥಿಗಳ ಪರವಾಗಿ. ಹಾಗಾಗಿ ಇಲ್ಲಿನ ಮಾತನ್ನೇ ಹೇಳುತ್ತೇನೆ.

ಒಂಟಾರಿಯೊದಲ್ಲಿ 124 ಕ್ಷೇತ್ರಗಳಿವೆ. ಕ್ಷೇತ್ರಕ್ಕೆ ಇಲ್ಲಿ ರೈಡಿಂಗ್ ಅನ್ನುತ್ತಾರೆ. ಗೆದ್ದವರು ಎಂಪಿಪಿ, ಅಂದರೆ ನಮ್ಮ ಎಂಎಲ್‌ಎ ಇದ್ದ ಹಾಗೆ. ಸಾಮಾನ್ಯವಾಗಿ ಜಾಸ್ತಿ ಎಂಪಿಪಿಗಳಿರುವ ಪಕ್ಷದ ನಾಯಕ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆಗುತ್ತಾರೆ. ಮತಪತ್ರದಲ್ಲಿ ಡಗ್ ಫೋರ್ಡ್ ಹೆಸರು ಹುಡುಕಬೇಡಿ. ಅವರ ಕ್ಷೇತ್ರ ಎಟೊಬಿಕೊ ನಾರ್ತ್ ಬಿಟ್ಟರೆ ಬೇರೆಲ್ಲೂ ಅದು ಸಿಗುವುದಿಲ್ಲ. ಕೈ, ಕಮಲದಂಥ ಚಿಹ್ನೆಯೂ ಇಲ್ಲ. ಅಭ್ಯರ್ಥಿಯ ಹೆಸರು, ಪಕ್ಷದ ಹೆಸರು ಅಷ್ಟೇ. ನಿಮ್ಮ ಅಮ್ಮನಿಗೋ ಮಾವನಿಗೋ ಹೊಸದಾಗಿ ಪೌರತ್ವ ಬಂದಿದ್ದರೆ ಅಭ್ಯರ್ಥಿಯ ಹೆಸರನ್ನು ಮೊದಲೇ ಬಾಯಿಪಾಠ ಮಾಡಿಸಿ.

ಪ್ರಾಂತ್ಯದ ಚುನಾವಣೆ ಎಂದರೆ ನಮ್ಮವರಿಗೆ ಸ್ವಲ್ಪ ಅಸಡ್ಡೆ. ಪಿಆರ್ (ಕಾಯಂ ವಾಸದ ಅನುಮತಿ), ವೀಸಾ, ಆದಾಯ ತೆರಿಗೆಯ ದೊಡ್ಡ ಪಾಲು ಇವೆಲ್ಲ ಒಟ್ಟಾವಾದ ಕೈಯಲ್ಲಿವೆ ಅಂತ ಎಲ್ಲರ ಕಣ್ಣು ಆ ಕಡೆ. ಆದರೆ ದಿನ ಬೆಳಗಾದರೆ ನಮ್ಮನ್ನು ಮುಟ್ಟುವುದು ಪ್ರಾಂತ್ಯದ ಸರ್ಕಾರವೇ. ಆಸ್ಪತ್ರೆ, ಫ್ಯಾಮಿಲಿ ಡಾಕ್ಟರ್, ಮಕ್ಕಳ ಶಾಲೆ, ಕಾಲೇಜು, ಹೈವೇ, ಡ್ರೈವಿಂಗ್ ಲೈಸೆನ್ಸ್, ಕಾರಿನ ವಿಮೆಯ ನಿಯಮ, ಬಾಡಿಗೆ ಮನೆಯ ಕಾನೂನು ಎಲ್ಲ ಅವರದೇ. ನಾನು ಪಿಸಿ ಪಕ್ಷದ ಕಡೆ ವಾಲಿದ್ದೂ ಇಂಥ ಕಾರಣಕ್ಕೇ. ಊರಲ್ಲಿ ಸೇತುವೆ ಕಟ್ಟಿಸಿದ ಸಿವಿಲ್ ಎಂಜಿನಿಯರ್‌ಗೆ ಇಲ್ಲಿ "ಕೆನಡಾದ ಅನುಭವ ಇದೆಯಾ" ಅಂತ ಕೇಳಿ ಬಾಗಿಲು ಮುಚ್ಚುತ್ತಿದ್ದ ಕಾಲವಿತ್ತು. ಲೈಸೆನ್ಸ್ ಬೇಕಾದ ಅನೇಕ ವೃತ್ತಿಗಳಲ್ಲಿ ಹಾಗೆ ಕೇಳುವುದಕ್ಕೆ ತಡೆ ಹಾಕುವ ಕಾನೂನನ್ನು ಫೋರ್ಡ್ ಸರ್ಕಾರ 2021ರಲ್ಲಿ ತಂದಿತು. ಎಂಜಿನಿಯರ್‌ಗಳ ಸಂಸ್ಥೆ 2023ರಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಕಾರಿನ ನಂಬರ್ ಪ್ಲೇಟ್ ಸ್ಟಿಕ್ಕರಿನ ಶುಲ್ಕ 2022ರಲ್ಲಿ ಹೋಯಿತು. ಪೆಟ್ರೋಲ್ ಮೇಲಿನ ಪ್ರಾಂತ್ಯದ ತೆರಿಗೆ ಲೀಟರಿಗೆ 5.7 ಸೆಂಟ್ ಇಳಿಯಿತು. ಬಾಗಿಲಲ್ಲಿ ನಿಂತು ಮಾತಾಡುವಾಗ ಜನರಿಗೆ ತಟ್ಟುವುದು ಇಂಥ ವಿಷಯಗಳು, ದೊಡ್ಡ ಸಿದ್ಧಾಂತಗಳಲ್ಲ.

ಸ್ಥಳೀಯ ಅಭ್ಯರ್ಥಿಗೆ ಅಷ್ಟೇಕೆ ಮಹತ್ವ ಅನ್ನುವವರಿಗೆ 2025ರ ಫೆಬ್ರವರಿ 27ರ ಚುನಾವಣೆ ಸಾಕು. ಪಿಸಿ ಪಕ್ಷ 80 ಸೀಟು ಗೆದ್ದು ಸತತ ಮೂರನೇ ಸಲ ಬಹುಮತ ಪಡೆಯಿತು. ಲಿಬರಲ್ ಪಕ್ಷಕ್ಕೆ ಸುಮಾರು 30 ಪರ್ಸೆಂಟ್ ಮತ ಬಂದರೂ ಸೀಟು ಸಿಕ್ಕಿದ್ದು 14. ಅದಕ್ಕಿಂತ ಕಡಿಮೆ ಮತ ಪಡೆದ ಎನ್‌ಡಿಪಿಗೆ (ನ್ಯೂ ಡೆಮಾಕ್ರಟಿಕ್ ಪಾರ್ಟಿ) 27. ಆಗಿನ ಲಿಬರಲ್ ನಾಯಕಿ ಬಾನಿ ಕ್ರಾಂಬಿ ಮಿಸ್ಸಿಸಾಗಾದ ಮೇಯರ್ ಆಗಿದ್ದವರು, ಮನೆ ಮನೆಗೂ ಗೊತ್ತಿದ್ದ ಹೆಸರು. ಅವರೇ ಮಿಸ್ಸಿಸಾಗಾ ಈಸ್ಟ್ ಕುಕ್ಸ್‌ವಿಲ್ ಕ್ಷೇತ್ರದಲ್ಲಿ ಪಿಸಿ ಅಭ್ಯರ್ಥಿ ಸಿಲ್ವಿಯಾ ಗ್ವಾಲ್ಟಿಯೆರಿ ಎದುರು ಸುಮಾರು 1,200 ಮತಗಳಿಂದ ಸೋತರು. ಇಡೀ ಪ್ರಾಂತ್ಯದಲ್ಲಿ ಮತ ಹಾಕಿದವರು ಸುಮಾರು 45 ಪರ್ಸೆಂಟ್ ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಮನೆಯಲ್ಲೇ ಉಳಿಯುವ ಚುನಾವಣೆಯಲ್ಲಿ ಯಾರು ತಮ್ಮವರನ್ನು ಹೊರಡಿಸುತ್ತಾರೋ ಅವರು ಗೆಲ್ಲುತ್ತಾರೆ. ಬ್ರಾಂಪ್ಟನ್ನಿನ ಐದೂ ಕ್ಷೇತ್ರಗಳನ್ನು ಪಿಸಿ ಪಕ್ಷ 2022ರಲ್ಲೂ 2025ರಲ್ಲೂ ಗೆದ್ದಿತು. 2018ರಲ್ಲಿ ಅದೇ ಊರಿನ ಮೂರು ಕ್ಷೇತ್ರ ಎನ್‌ಡಿಪಿ ಪಾಲಾಗಿದ್ದವು. ಆ ಬದಲಾವಣೆ ಟಿವಿ ಜಾಹೀರಾತಿನಿಂದ ಮಾತ್ರ ಆದದ್ದು ಅಂತ ನಾನು ಒಪ್ಪುವುದಿಲ್ಲ. ಬಾಗಿಲು ತಟ್ಟಿದವರ ಬೆವರು ಅದರಲ್ಲಿದೆ.

ಈಗ, ಯಾರು ಏನು ಮಾಡಬಹುದು? ಮತ ಹಾಕಲು 18 ವರ್ಷ ತುಂಬಿರಬೇಕು, ಒಂಟಾರಿಯೊದಲ್ಲಿ ವಾಸ ಇರಬೇಕು, ಕೆನಡಾದ ಪೌರತ್ವ ಇರಬೇಕು. ಪಿಆರ್ ಇದ್ದವರು ಮತ ಹಾಕುವಂತಿಲ್ಲ. ಹಾಕಿದರೆ ಅಪರಾಧ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವವರು ಇದರಲ್ಲಿ ಸುಮ್ನೆ ಎಡವಬಾರದು. ಆದರೆ ಇಷ್ಟಕ್ಕೇ "ನಮಗೇನು ಕೆಲಸ" ಅಂತ ಕೈಕಟ್ಟಿ ಕೂರಬೇಡಿ. ಮತ ಹಾಕುವುದೊಂದನ್ನು ಬಿಟ್ಟು ಪ್ರಚಾರದ ಹೆಚ್ಚಿನ ಕೆಲಸವನ್ನು ಪಿಆರ್ ಇದ್ದವರೂ ಮಾಡಬಹುದು. ಪಕ್ಷದ ಸದಸ್ಯರಾಗಬಹುದು, ದೇಣಿಗೆ ಕೊಡಬಹುದು, ವಾಲಂಟಿಯರ್ ಆಗಬಹುದು. ಪಕ್ಷದ ಸದಸ್ಯತ್ವ 14 ವರ್ಷದಿಂದಲೇ ಶುರು. ಹೈಸ್ಕೂಲ್ ಮಕ್ಕಳು ಹೊರಗೆ ಓಡಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಅವಕಾಶ ನನಗಂತೂ ಕಂಡಿಲ್ಲ. ಒಂಟಾರಿಯೊ ಸರ್ಕಾರದ ನೌಕರಿಯಲ್ಲಿ ಇರುವವರು ಮಾತ್ರ ಮೊದಲು ಕಚೇರಿಯಲ್ಲಿ ನಿಯಮ ಕೇಳಿಕೊಳ್ಳಿ. ಸರ್ಕಾರಿ ನೌಕರರ ರಾಜಕೀಯ ಚಟುವಟಿಕೆಗೆ ಮಿತಿಗಳಿವೆ.

ಅಭ್ಯರ್ಥಿಯನ್ನು ಆರಿಸುವ ಹಂತದಲ್ಲೇ ಸೇರಿಕೊಂಡರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಪ್ರತಿ ಕ್ಷೇತ್ರದಲ್ಲೂ ಪಕ್ಷದ ರೈಡಿಂಗ್ ಅಸೋಸಿಯೇಷನ್ ಇರುತ್ತದೆ. ಟಿಕೆಟ್‌ಗೆ ಸ್ಪರ್ಧೆ ಇದ್ದರೆ ಆ ಕ್ಷೇತ್ರದ ಸದಸ್ಯರು ನಾಮಿನೇಷನ್ ಸಭೆಯಲ್ಲಿ ಮತ ಹಾಕಿ ಆರಿಸುತ್ತಾರೆ. ಸಭೆಯ ಹಿಂದಿನ ದಿನ ಸದಸ್ಯರಾದರೆ ಮತ ಸಿಗುವುದಿಲ್ಲ, ಕಡೆಯ ದಿನಾಂಕ ಮೊದಲೇ ಮುಗಿದಿರುತ್ತದೆ. ಇನ್ನೊಂದು ವಿಷಯ ಗೊತ್ತಿರಲಿ: ಕೊನೆಯ ಮಾತು ಪಕ್ಷದ್ದೇ. ನಾಯಕರು ನೇರವಾಗಿ ಅಭ್ಯರ್ಥಿಯನ್ನು ನೇಮಿಸಬಹುದು, ಕೊಟ್ಟ ಟಿಕೆಟ್ ವಾಪಸ್ ಪಡೆಯಲೂಬಹುದು. ಶಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ ಅವರ ಕಥೆ ನಮಗೆಲ್ಲ ಗೊತ್ತು. 2022ರಲ್ಲಿ ಒಟ್ಟಾವಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದವರು. ನೆಪಿಯನ್ ಕ್ಷೇತ್ರದಿಂದ ಮೂರು ಸಲ ಗೆದ್ದಿದ್ದರು. ಆದರೂ 2025ರಲ್ಲಿ ಲಿಬರಲ್ ಪಕ್ಷ ಅವರ ಉಮೇದುವಾರಿಕೆಯನ್ನು ರದ್ದು ಮಾಡಿತು, ಅಲ್ಲಿ ಪಕ್ಷದ ನಾಯಕ ಮಾರ್ಕ್ ಕಾರ್ನಿ ನಿಂತರು. ಅದು ಬೇರೆ ಪಕ್ಷ, ಫೆಡರಲ್ ಚುನಾವಣೆ. ಆದರೆ ಟಿಕೆಟ್ ಯಾರ ಕೈಯಲ್ಲಿದೆ ಅನ್ನುವುದು ಎಲ್ಲ ಪಕ್ಷದಲ್ಲೂ ಒಂದೇ.

ಪ್ರಚಾರದ ಜೀವಾಳ ಕ್ಯಾನ್ವಾಸಿಂಗ್, ಅಂದರೆ ಮನೆ ಮನೆ ಬಾಗಿಲು ತಟ್ಟುವುದು. ಇಲ್ಲಿ ಮೈಕ್ ಕಟ್ಟಿದ ಆಟೋ ಇಲ್ಲ, ಮೆರವಣಿಗೆ ಇಲ್ಲ, ಪಟಾಕಿ ಇಲ್ಲ. ಸಂಜೆ ಅಭ್ಯರ್ಥಿಯ ಕಚೇರಿಗೆ ಹೋದರೆ ಇಬ್ಬಿಬ್ಬರ ಜೋಡಿ ಮಾಡಿ ಒಂದು ಬೀದಿಯ ಪಟ್ಟಿ ಕೊಡುತ್ತಾರೆ. ಈಗ ಅದು ಫೋನಿನ ಆ್ಯಪ್‌ನಲ್ಲೇ ಇರುತ್ತದೆ. ಪ್ರತಿ ಮನೆಯ ಮುಂದೆ ಅಲ್ಲಿರುವ ಮತದಾರರ ಹೆಸರು ಕಾಣುತ್ತದೆ. ಬಾಗಿಲು ತೆಗೆದವರಿಗೆ ನಿಮ್ಮ ಹೆಸರು, ಅಭ್ಯರ್ಥಿಯ ಹೆಸರು ಹೇಳಿ, "ಅವರಿಗೆ ನಿಮ್ಮ ಬೆಂಬಲ ಇದೆಯಾ" ಅಂತ ನೇರವಾಗಿ ಕೇಳಬೇಕು. ನಮ್ಮವರಿಗೆ ಇದು ಮುಜುಗರ. ಇಲ್ಲಿ ಹಾಗೆ ಕೇಳುವುದು ಮರ್ಯಾದೆ ಮೀರಿದ್ದಲ್ಲ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೌದು, ಇರಬಹುದು, ಗೊತ್ತಿಲ್ಲ, ಇಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಗುರುತು ಹಾಕಿ ಮುಂದಿನ ಮನೆಗೆ ನಡೆಯಿರಿ. ವಾದಕ್ಕೆ ನಿಲ್ಲಬೇಡಿ. "ಇಲ್ಲ" ಅಂದವರನ್ನು ಹತ್ತು ನಿಮಿಷದಲ್ಲಿ ಬದಲಾಯಿಸುವ ಹೊತ್ತಿಗೆ "ಹೌದು" ಅನ್ನುವ ಮೂರು ಮನೆ ತಪ್ಪಿಹೋಗಿರುತ್ತವೆ.

ಕನ್ನಡ ಬಲ್ಲ ವಾಲಂಟಿಯರ್‌ನ ಬೆಲೆ ಬಾಗಿಲಲ್ಲಿ ಗೊತ್ತಾಗುತ್ತದೆ. 2025ರ ಚಳಿಗಾಲದಲ್ಲಿ ಮಿಲ್ಟನ್ನಿನ ಒಂದು ಟೌನ್‌ಹೌಸ್ ಬಾಗಿಲು ತೆಗೆದವರು ಸುಮಾರು ಎಪ್ಪತ್ತರ ಒಬ್ಬ ಅಮ್ಮ. ಸ್ವೆಟರ್ ಮೇಲೆ ಸೆರಗು ಹೊದ್ದು, "ಸನ್ ನಾಟ್ ಹೋಮ್" ಅಂತ ಬಾಗಿಲು ಹಾಕಲು ಹೊರಟರು. ಪಟ್ಟಿಯಲ್ಲಿ ಅವರದೂ ಹೆಸರಿತ್ತು. "ಅಮ್ಮಾ, ನಮಸ್ಕಾರ, ನಾನೂ ಕನ್ನಡದವನೇ" ಅಂದೆ. "ಅಯ್ಯೋ, ಕನ್ನಡದವರಾ? ಒಳಗೆ ಬನ್ನಿ, ಚಳಿಲಿ ಯಾಕೆ ನಿಂತಿದೀರಿ?" ಕ್ಯಾನ್ವಾಸ್ ಮಾಡುವಾಗ ಮನೆಯೊಳಗೆ ಹೋಗಬಾರದು ಅನ್ನುವುದು ತಂಡದ ನಿಯಮ. ಹೊಸಿಲಲ್ಲೇ ನಿಂತು ಹೇಳಿದೆ. ಅಂಚೆಯಲ್ಲಿ ಬಂದಿದ್ದ ಮತದಾರರ ಕಾರ್ಡನ್ನು ಅವರು ಬ್ಯಾಂಕಿನ ಕಾಗದಗಳ ಜೊತೆ ಇಟ್ಟಿದ್ದರು. ತಂದು ತೋರಿಸಿದರು. ಮತಗಟ್ಟೆ ಯಾವ ಶಾಲೆಯಲ್ಲಿ, ಜೊತೆಗೆ ಯಾವ ಗುರುತಿನ ಚೀಟಿ ಒಯ್ಯಬೇಕು ಅಂತ ವಿವರಿಸಿದೆ. "ನನಗೂ ವೋಟಿದೆ ಅಂತ ಮಗ ಹೇಳಿದ್ದ, ಎಲ್ಲಿ ಅಂತ ಕೇಳೋಕೆ ಸಂಕೋಚ ಆಯ್ತು" ಅಂದರು. ಇಂಥ ಅಮ್ಮಂದಿರು, ಅಪ್ಪಂದಿರು ನಮ್ಮ ಬೀದಿಗಳಲ್ಲಿ ಬಹಳ ಜನ ಇದ್ದಾರೆ. ಇಂಗ್ಲಿಷ್ ಕರಪತ್ರ ಅವರನ್ನು ಮುಟ್ಟುವುದಿಲ್ಲ.

ಬಾಗಿಲಲ್ಲಿ ಕಷ್ಟದ ಪ್ರಶ್ನೆಗಳೂ ಬರುತ್ತವೆ. ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಕಾದದ್ದನ್ನು ಹೇಳುತ್ತಾರೆ, ಫ್ಯಾಮಿಲಿ ಡಾಕ್ಟರ್ ಸಿಗದ್ದನ್ನು ಹೇಳುತ್ತಾರೆ. ಗ್ರೀನ್‌ಬೆಲ್ಟ್, ಅಂದರೆ ಟೊರೊಂಟೊ ಸುತ್ತ ಕಟ್ಟಡ ಕಟ್ಟದಂತೆ ಕಾಪಾಡಿದ ಜಮೀನಿನಲ್ಲಿ ಒಂದಷ್ಟನ್ನು ಮನೆ ಕಟ್ಟಲು ಬಿಟ್ಟುಕೊಡಲು ಹೊರಟಿದ್ದರ ಬಗ್ಗೆ ಕೇಳುತ್ತಾರೆ. ಆ ನಿರ್ಧಾರ ತಪ್ಪು ಅಂತ ಫೋರ್ಡ್ ಅವರೇ 2023ರ ಸೆಪ್ಟೆಂಬರಿನಲ್ಲಿ ಕ್ಷಮೆ ಕೇಳಿ ವಾಪಸ್ ಪಡೆದರು. ಅದನ್ನು ಇದ್ದ ಹಾಗೆ ಹೇಳಿ, ಮುಚ್ಚಿಡಲು ಹೋಗಬೇಡಿ. ಗೊತ್ತಿಲ್ಲದ ಪ್ರಶ್ನೆಯನ್ನು ಬರೆದುಕೊಂಡು ಅಭ್ಯರ್ಥಿಯಿಂದ ಫೋನ್ ಮಾಡಿಸಿ. ನಮ್ಮ ಪಕ್ಷದ ಕೆಲವು ಅಭ್ಯರ್ಥಿಗಳು ಸ್ಥಳೀಯ ಚರ್ಚೆಗಳಿಗೆ ಹೋಗದೆ ತಪ್ಪಿಸಿಕೊಳ್ಳುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ವಾಲಂಟಿಯರ್ ಆಗಿ ಅದನ್ನು ಕಚೇರಿಯಲ್ಲಿ ಹೇಳುವ ಹಕ್ಕು ನಿಮಗಿದೆ, ಹೇಳಿ.

ಅಂಗಳದಲ್ಲಿ ನೆಡುವ ನೀಲಿ ಬೋರ್ಡು, ಅಂದರೆ ಲಾನ್ ಸೈನ್, ಸಣ್ಣ ಕೆಲಸ ಅನ್ನಿಸಬಹುದು. ಬೀದಿಯಲ್ಲಿ ನಿಮ್ಮ ಮನೆ ಮುಂದೆ ಒಂದು ನಿಂತರೆ ಪಕ್ಕದವರಿಗೂ ಧೈರ್ಯ ಬರುತ್ತದೆ. ಯಾರ ಅಂಗಳದಲ್ಲಿ ನೆಟ್ಟರೂ ಅವರ ಒಪ್ಪಿಗೆ ಬೇಕು. ರಸ್ತೆ ಬದಿಯ ಜಾಗಕ್ಕೆ ಒಂದೊಂದು ನಗರಸಭೆಯದು ಒಂದೊಂದು ನಿಯಮ. ಎದುರು ಪಕ್ಷದ ಬೋರ್ಡನ್ನು ಮುಟ್ಟಲೇಬೇಡಿ. 2025ರದ್ದು 1981ರ ನಂತರ ಬಂದ ಮೊದಲ ಚಳಿಗಾಲದ ಚುನಾವಣೆ. ನೆಲ ಕಲ್ಲಾಗಿತ್ತು, ತಂತಿ ಕಾಲುಗಳು ಬಗ್ಗಿ ಹೋಗುತ್ತಿದ್ದವು. ಸೈನ್ ತಂಡದವರು ಬ್ಯಾಟರಿ ಡ್ರಿಲ್ ಹಿಡಿದು ತೂತು ಕೊರೆದು ನೆಡುತ್ತಿದ್ದರು. ತೋಳಿನಲ್ಲಿ ಶಕ್ತಿ ಇದ್ದು ಮಾತು ಕಡಿಮೆ ಇರುವವರಿಗೆ ಇದು ಹೇಳಿ ಮಾಡಿಸಿದ ಕೆಲಸ.

ಹಣದ ವಿಷಯದಲ್ಲಿ ಎಚ್ಚರ ಬೇಕು. 2017ರಿಂದ ಕಂಪನಿಗಳು, ಯೂನಿಯನ್‌ಗಳು ದೇಣಿಗೆ ಕೊಡುವಂತಿಲ್ಲ. ಐಟಿ ಕಾಂಟ್ರಾಕ್ಟ್ ಮಾಡುವ ನಮ್ಮವರಲ್ಲಿ ಅನೇಕರು ಸ್ವಂತ ಇನ್‌ಕಾರ್ಪೊರೇಷನ್ ಇಟ್ಟುಕೊಂಡಿದ್ದಾರೆ. ಆ ಕಂಪನಿಯ ಕಾರ್ಡಿನಿಂದ ಕೊಟ್ಟರೆ ಅದೂ ಕಂಪನಿಯ ದೇಣಿಗೆಯೇ, ಕಾನೂನಿಗೆ ವಿರುದ್ಧ. ಒಂಟಾರಿಯೊ ನಿವಾಸಿಗಳು ತಮ್ಮ ಸ್ವಂತ ಹಣವನ್ನು ಮಾತ್ರ ಕೊಡಬೇಕು. ಊರಿಂದ ಬಂದು ನಾಲ್ಕು ತಿಂಗಳು ಇದ್ದು ಹೋಗುವ ಅಪ್ಪ ಅಮ್ಮನ ಹೆಸರಲ್ಲಿ ಕೊಡುವಂತಿಲ್ಲ, ಸ್ನೇಹಿತರ ಹಣವನ್ನು ಒಟ್ಟುಮಾಡಿ ಒಬ್ಬರ ಹೆಸರಲ್ಲಿ ಕೊಡುವಂತಿಲ್ಲ. ನಗದು 25 ಡಾಲರ್ ದಾಟಬಾರದು. 2025ರಲ್ಲಿ ಅಭ್ಯರ್ಥಿಗಳಿಗೆ ಕೊಡುವ ದೇಣಿಗೆಯ ಮಿತಿ 3,400 ಡಾಲರ್ ಇತ್ತು. ಮಿತಿ ಬದಲಾಗುತ್ತಿರುತ್ತದೆ, ಕೊಡುವ ಮುನ್ನ ಎಲೆಕ್ಷನ್ಸ್ ಒಂಟಾರಿಯೊ ವೆಬ್‌ಸೈಟ್ ನೋಡಿ. ರಸೀದಿ ಜೋಪಾನವಾಗಿಡಿ. ಮೊದಲ ಕೆಲವು ನೂರು ಡಾಲರಿಗೆ 75 ಪರ್ಸೆಂಟ್ ತೆರಿಗೆಯಲ್ಲಿ ವಾಪಸ್ ಬರುತ್ತದೆ. ನೂರು ಕೊಟ್ಟರೆ ಕೈಯಿಂದ ಹೋಗುವುದು ಇಪ್ಪತ್ತೈದು.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳಬೇಕು. ನಮ್ಮ ಸಂಘ, ದೇವಸ್ಥಾನ, ಮಠಗಳಲ್ಲಿ ಚಾರಿಟಿ ಅಂತ ನೋಂದಣಿ ಆದವು ಯಾವ ಪಕ್ಷಕ್ಕೂ ಅಭ್ಯರ್ಥಿಗೂ ಬೆಂಬಲ ಸೂಚಿಸುವಂತಿಲ್ಲ. ವಿರೋಧಿಸುವಂತೆಯೂ ಇಲ್ಲ. ರಾಜ್ಯೋತ್ಸವದ ವೇದಿಕೆಯಿಂದ "ಇವರಿಗೇ ಮತ ಹಾಕಿ" ಅಂದರೆ ಸಂಘದ ಚಾರಿಟಿ ಮಾನ್ಯತೆಗೇ ಕುತ್ತು. ಅಭ್ಯರ್ಥಿಯನ್ನು ಪರಿಚಯ ಮಾಡಿಸಬೇಕು ಅಂದರೆ ನಿಮ್ಮ ಮನೆಗೇ ಕರೆಯಿರಿ. ಹತ್ತು ಕುಟುಂಬಗಳನ್ನು ಕೂರಿಸಿ, ಕಾಫಿ ಕೊಟ್ಟು, ಪ್ರಶ್ನೆ ಕೇಳಲು ಬಿಡಿ. ನನ್ನ ಅನುಭವದಲ್ಲಿ ದೊಡ್ಡ ಸಭೆಗಿಂತ ಇದು ಎಷ್ಟೋ ಮೇಲು. ಅಭ್ಯರ್ಥಿಗೆ ನಮ್ಮ ಕಷ್ಟಗಳು ಕಿವಿಗೆ ಬೀಳುವುದು ಇಂಥ ಹಾಲ್‌ನಲ್ಲೇ. ಹಾಗೆಯೇ, ಕ್ಯಾನ್ವಾಸಿಂಗ್ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದರಲ್ಲಿ ಜನರ ಹೆಸರು, ವಿಳಾಸ ಇರುತ್ತದೆ.

ಮತದಾನದ ದಿನ ಕೆಲಸ ಬೇರೆ ಥರ. ಮತಗಟ್ಟೆ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ತೆರೆದಿರುತ್ತದೆ. ಅಭ್ಯರ್ಥಿ ಸಹಿ ಮಾಡಿದ ಪತ್ರ ಇದ್ದರೆ ನೀವು ಒಳಗೆ ಕೂತು ನೋಡಬಹುದು. ಊರಿನ ಬೂತ್ ಏಜೆಂಟ್ ಕೆಲಸವೇ, ಇಲ್ಲಿ ಸ್ಕ್ರೂಟಿನಿಯರ್ ಅನ್ನುತ್ತಾರೆ. ಒಳಗೆ ಪಕ್ಷದ ಬ್ಯಾಡ್ಜ್ ಹಾಕುವಂತಿಲ್ಲ, ಪ್ರಚಾರದ ಮಾತು ಆಡುವಂತಿಲ್ಲ. ಇತ್ತ ಕಚೇರಿಯಲ್ಲಿ ವಾರಗಟ್ಟಲೆ ಗುರುತು ಹಾಕಿದ್ದ "ಹೌದು" ಪಟ್ಟಿಯನ್ನು ಹಿಡಿದು ಇನ್ನೂ ಮತ ಹಾಕದವರಿಗೆ ಫೋನ್ ಮಾಡುತ್ತಾರೆ. ಕಾರಿಲ್ಲದ ಹಿರಿಯರನ್ನು ಕರೆದೊಯ್ದು ವಾಪಸ್ ಬಿಡುತ್ತಾರೆ. ಕೆಲಸದಲ್ಲಿರುವವರಿಗೆ ಮತ ಹಾಕಲು ಮೂರು ಗಂಟೆ ಬಿಡುವು ಸಿಗಬೇಕು ಅಂತ ಕಾನೂನೇ ಇದೆ. ವೇರ್‌ಹೌಸ್ ಪಾಳಿಯಲ್ಲಿರುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ, ನೀವು ಹೇಳಿ. ಅಡ್ವಾನ್ಸ್ ವೋಟಿಂಗ್ ದಿನಗಳಲ್ಲೇ ಮನೆಯವರ ಮತ ಮುಗಿಸಿಕೊಂಡರೆ ಆ ದಿನ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.

ಶುರು ಮಾಡಲು ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ. 2025ರದ್ದು ನಿಗದಿಯಾದ ದಿನಕ್ಕಿಂತ ಒಂದು ವರ್ಷಕ್ಕೂ ಮೊದಲೇ ಬಂತು, ಘೋಷಣೆಯಿಂದ ಮತದಾನಕ್ಕೆ ಸಿಕ್ಕಿದ್ದು ಒಂದೇ ತಿಂಗಳು. ಎಲೆಕ್ಷನ್ಸ್ ಒಂಟಾರಿಯೊ ವೆಬ್‌ಸೈಟ್‌ನಲ್ಲಿ ಪಿನ್‌ಕೋಡ್ ಹಾಕಿದರೆ ನಿಮ್ಮ ಕ್ಷೇತ್ರ ಯಾವುದು ಅಂತ ಬರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ಅಂತಲೂ ಅಲ್ಲೇ ನೋಡಿಕೊಳ್ಳಿ. ಆಮೇಲೆ ನಿಮ್ಮ ಕ್ಷೇತ್ರದ ಪಿಸಿ ರೈಡಿಂಗ್ ಅಸೋಸಿಯೇಷನ್‌ಗೆ ಒಂದು ಇಮೇಲ್ ಕಳಿಸಿ: ಹೆಸರು, ಫೋನ್ ನಂಬರ್, ವಾರದಲ್ಲಿ ಯಾವ ಸಂಜೆ ಬಿಡುವು, ಕನ್ನಡದ ಜೊತೆ ಇನ್ಯಾವ ಭಾಷೆ ಬರುತ್ತದೆ. ಉತ್ತರ ತಡವಾದರೆ ಅವರ ವಾರ್ಷಿಕ ಸಭೆಗೇ ಹೋಗಿಬಿಡಿ. ಸಮಿತಿಗೆ ಹೊಸಬರನ್ನು ಆರಿಸುವುದು ಅಲ್ಲಿಯೇ.