ಮನೆಯೊಳಗಿನ ಇಂಗ್ಲಿಷ್ ಜಗಳವನ್ನು ಬಗೆಹರಿಸುವುದು ಹೇಗೆ?

ತುಮಕೂರಿನ ಅನೇಕ ಮನೆಗಳಲ್ಲಿ ಇಂದು ಒಂದೇ ಸೂರಿನಡಿ ಎರಡು ಇಂಗ್ಲಿಷುಗಳು ಬಾಳುತ್ತಿವೆ. ಸರ್ಕಾರಿ ಕಚೇರಿಯಲ್ಲಿ ಕಡತ ಬರೆದು ನಿವೃತ್ತರಾದ ತಾತನದು ಒಂದು; ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಗೆಳತಿಯರಿಂದಲೂ ಇನ್‌ಸ್ಟಾಗ್ರಾಂನಿಂದಲೂ ಕಲಿತದ್ದು ಇನ್ನೊಂದು. ಯಾರದು ಸರಿ ಎಂದು ತೀರ್ಪು ಕೊಡಲು ಹೊರಟರೆ ವ್ಯಾಜ್ಯ ಮುಗಿಯುವುದಿಲ್ಲ. ಬರೆದದ್ದು ಯಾರ ಕೈಗೆ ಹೋಗುತ್ತದೆ ಎಂದು ಕೇಳಿದರೆ ಬಹುಪಾಲು ಅಲ್ಲೇ ಇತ್ಯರ್ಥವಾಗುತ್ತದೆ.

ಮೊದಲು ತಪ್ಪು ಯಾವುದು, ಹೊಸತು ಯಾವುದು ಎಂದು ಬೇರ್ಪಡಿಸಿಕೊಳ್ಳಿ. ಪರೀಕ್ಷೆಯಲ್ಲಿ ‘ಶಿ ಡೋಂಟ್ ನೋ’ ಎಂದು ಬರೆದರೆ ಅದು ವ್ಯಾಕರಣದ ತಪ್ಪು, ತಿದ್ದಲೇಬೇಕು. ‘ರಿಜ್’ ಎನ್ನುವುದು ಹಾಗಲ್ಲ; ಎದುರಿನವರನ್ನು ಸೆಳೆಯುವ ವರ್ಚಸ್ಸು ಎಂಬರ್ಥದ ಆ ಪದವನ್ನು 2023ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನವೇ ವರ್ಷದ ಪದವಾಗಿ ಆರಿಸಿತು.

ಗದರುವ ಮುನ್ನ, ನಗುವ ಮುನ್ನ, ನಿಘಂಟು ತೆರೆದು ಪದದ ವಯಸ್ಸು ನೋಡುವ ಅಭ್ಯಾಸ ಇಬ್ಬರಿಗೂ ಬೇಕು. ಇಂದಿನ ಮಕ್ಕಳ ಚಾಳಿಯೆಂದು ಹಿರಿಯರು ಬೇಸರಪಡುವ ‘ಓಎಂಜಿ’ಯನ್ನು (ಓ ಮೈ ಗಾಡ್) 1917ರಲ್ಲೇ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್ ಅವರು ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಬಳಸಿದ್ದರು. ತಾತನೂ ದಿನವಿಡೀ ಆಡುವ ‘ಓಕೆ’ 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ‘ಆಲ್ ಕರೆಕ್ಟ್’ ಎಂಬುದರ ತಮಾಷೆಯ ತಪ್ಪು ಕಾಗುಣಿತದ ಚುಟುಕು ರೂಪವಾಗಿ ಅಚ್ಚಾದದ್ದು. ಹಾಗೆಯೇ ಕಿರಿಯರು ಹಳತೆಂದು ನಗುವ ‘ಡು ದಿ ನೀಡ್‌ಫುಲ್’ (ಅಗತ್ಯ ಕ್ರಮ ಕೈಗೊಳ್ಳಿ) ಒಂದು ಕಾಲಕ್ಕೆ ಬ್ರಿಟನ್ನಿನ ಕಚೇರಿಗಳಲ್ಲೂ ಸಲ್ಲುತ್ತಿದ್ದ ಮಾತು. ಅಲ್ಲಿ ಬಳಕೆ ತಗ್ಗಿತು, ನಮ್ಮ ಕಡತಗಳಲ್ಲಿ ಉಳಿಯಿತು. ನಿಗದಿಗಿಂತ ಮುಂಚಿತವಾಗಿಸು ಎಂಬರ್ಥದ ‘ಪ್ರೀಪೋನ್’ ಅಂತೂ ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಂದಿಗೆ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ.

ನಿಜವಾದ ಪರೀಕ್ಷೆ ಎದುರಾಗುವುದು ಇಂಟರ್ನ್‌ಶಿಪ್‌ಗೆ ಮೇಲ್ ಬರೆಯುವಾಗ. ತಾತ ‘ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್’ ಎಂದು ಹೇಳಿ ಬರೆಸುತ್ತಾರೆ. ಮೊಮ್ಮಗಳು ‘ಹೇ, ಸೆಂಡಿಂಗ್ ಮೈ ರೆಸ್ಯೂಮೆ, ಎಲ್‌ಎಂಕೆ’ (ಲೆಟ್ ಮಿ ನೋ) ಎಂದು ಮುಗಿಸಲು ನೋಡುತ್ತಾಳೆ. ಮೊದಲನೆಯದರಲ್ಲಿ ವಿಷಯಕ್ಕೆ ಬರುವಷ್ಟರಲ್ಲಿ ಓದುವವರ ತಾಳ್ಮೆ ಕೆಡುತ್ತದೆ, ಎರಡನೆಯದರಲ್ಲಿ ಗುರುತಿಲ್ಲದವರೊಂದಿಗೆ ಸಲಿಗೆ ಹೆಚ್ಚಾಗುತ್ತದೆ. ‘ಡಿಯರ್ ಸರ್ ಆರ್ ಮೇಡಂ, ಐ ಆಮ್ ಅಪ್ಲೈಯಿಂಗ್ ಫಾರ್ ದಿ ಇಂಟರ್ನ್‌ಶಿಪ್. ಮೈ ರೆಸ್ಯೂಮೆ ಈಸ್ ಅಟ್ಯಾಚ್ಡ್’ ಎಂದರೆ ಸಾಕು. ಕರಡು ಮೊಮ್ಮಗಳು ಬರೆಯಲಿ. ಕಾಲ, ವಚನ, ಕಾಗುಣಿತಗಳನ್ನು ತಾತ ನೋಡಲಿ, ಏಕೆಂದರೆ ಆ ಕಣ್ಣು ಅವರಿಗೆ ನಿಜಕ್ಕೂ ಪಳಗಿದೆ. ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಾದರೆ ಕನ್ನಡದಲ್ಲೇ ಬರೆಯಿರಿ, ಅಲ್ಲಿ ಈ ತಕರಾರೇ ಇಲ್ಲ.

ತಿದ್ದುವುದನ್ನು ನೆಂಟರೆದುರು ಮಾಡಬೇಡಿ.

ವಾಟ್ಸಾಪ್‌ನಲ್ಲಿ ಪದಗಳಿಗಿಂತ ಚಿಹ್ನೆಗಳು ಹೆಚ್ಚು ಮನಸ್ತಾಪ ತರುತ್ತವೆ. ತಾತ ‘ಓಕೆ’ ಎಂದು ಬರೆದು ಪೂರ್ಣವಿರಾಮ ಇಟ್ಟರೆ ಅದು ಅವರಿಗೆ ಶಿಸ್ತು, ಮೊಮ್ಮಗಳಿಗೆ ಸಿಟ್ಟಿನ ಗುರುತು. ಅವಳು ‘ಕೆ’ ಎಂಬ ಒಂದಕ್ಷರ ಕಳುಹಿಸಿದರೆ ತಾತನಿಗೆ ಅದು ತಾತ್ಸಾರ. ಇಂಥ ಕಡೆ ಊಹಿಸಿಕೊಂಡು ಮುನಿಯುವ ಬದಲು ‘ತಾತ, ಬೇಜಾರಾಯ್ತಾ?’, ‘ಯಾಕಮ್ಮ, ಹಿಂಗ್ ಬರ್ದಿದೀಯ?’ ಎಂದು ನೇರವಾಗಿ ಕೇಳಿಬಿಡಿ. ಗೆಳತಿಯರ ಗುಂಪಿನ ಸಂಕ್ಷಿಪ್ತ ರೂಪಗಳನ್ನು ಮನೆಯ ಗುಂಪಿಗೆ ತಾರದಿರುವುದು ಕಿರಿಯರ ಪಾಲಿನ ಕೆಲಸ, ಗೆಳತಿಯರ ಗುಂಪಿನಲ್ಲಿ ಅವರು ಬರೆದದ್ದನ್ನು ತಿದ್ದಲು ಹೋಗದಿರುವುದು ಹಿರಿಯರ ಪಾಲಿನದು.